ಸುರಂಗದ ಬಸಿಗಾಲುವೆಗಳಲ್ಲಿ ಖನಿಜ ಪೊರೆ

ಬೆಟ್ಟ ಕೊರೆದು ಮಾಡಿದ ಸುರಂಗ, ಭೂಗರ್ಭ ವಿದ್ಯುದಾಗಾರ, ಅಣೆಕಟ್ಟೆಯ ಒಡಲೊಳಗಿನ ಗ್ಯಾಲರಿ ಮುಂತಾದ ಕಡೆ ಬಂಡೆಯಿಂದ ಜಿನುಗುವ ನೀರನ್ನು ಹೊರಗೆ ಸಾಗಿಸಲು ಕೊಳವೆ, ಚರಂಡಿ, ರಂಧ್ರಗಳಿರುತ್ತವೆ. ನೀರಿನಲ್ಲಿ ಕರಗಿದ್ದ ಖನಿಜ ಇವುಗಳ ಒಳಮೈಯಲ್ಲಿ ಗಟ್ಟಿಯಾಗಿ ಅಂಟಿ ಬೆಳೆಯುವ ಪದರವೇ ಖನಿಜ ಪೊರೆ. ಕೆಲಸದ ಜಾಗದಲ್ಲಿ ಇದಕ್ಕೆ ‘ಸ್ಕೇಲ್’ ಎಂದೋ ‘ಸುಣ್ಣ ಕಟ್ಟಿದೆ’ ಎಂದೋ ಹೇಳುತ್ತಾರೆ. ಬಹುಪಾಲು ಕಡೆ ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ವಸ್ತುವೇ. ಕಬ್ಬಿಣದ ಕೆಂಪು ಲೋಳೆ, ಮ್ಯಾಂಗನೀಸಿನ ಕಪ್ಪು ಲೇಪ, ಅಪರೂಪಕ್ಕೆ ಜಿಪ್ಸಂ ಕೂಡ ಈ ಬಳಗಕ್ಕೆ ಸೇರುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನೆಲ, ಮಳೆ ಮತ್ತು ಜಲವಿದ್ಯುತ್ ಕಾಮಗಾರಿಗಳನ್ನು ಮುಂದಿಟ್ಟುಕೊಂಡು ಈ ಲೇಖನ ಆ ಪೊರೆಯ ಹುಟ್ಟನ್ನು ವಿವರಿಸುತ್ತದೆ.

ಬಯಲುಸೀಮೆಯ ಬಚ್ಚಲಿನ ಹಂಡೆಯಲ್ಲಿ ನೀರು ಕಾದು ಕಾದು ಒಳಮೈಗೆ ಬಿಳಿ ಚಕ್ಕೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಕೋಲಾರದ ಕೊಳವೆಬಾವಿಯ ನೀರಿಗೆ ಸಾಬೂನು ನೊರೆ ಬಿಡದು. ತೀರ್ಥಹಳ್ಳಿಯ ಅಬ್ಬಿ ನೀರಿನಲ್ಲಿ ಮೈಗೆ ಹಚ್ಚಿದ ಸಾಬೂನು ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. ಮಲೆನಾಡಿನ ನೀರು ಅಷ್ಟು ಮೆದು. ಹಂಡೆಯಲ್ಲೇ ಚಕ್ಕೆ ಕಟ್ಟದ ನೀರು ಸುರಂಗದ ಕೊಳವೆಯಲ್ಲಿ ಕಲ್ಲು ಕಟ್ಟೀತೇ ಎಂದು ಕೇಳಿದರೆ ಹೆಚ್ಚಿನವರು ‘ಇಲ್ಲ’ ಎಂದಾರು. ಆದರೆ ಕಟ್ಟುತ್ತದೆ, ಮತ್ತು ಅದು ಕಟ್ಟುವುದಕ್ಕೆ ನೀರಿನ ಆ ಮೆದುತನವೇ ಒಂದು ಕಾರಣ.

ನೆಲ ಮತ್ತು ನೀರು

ಈ ಮೂರೂ ತಾಲ್ಲೂಕುಗಳು ಪಶ್ಚಿಮ ಘಟ್ಟದ ನೆತ್ತಿಗೆ ಒರಗಿಕೊಂಡಿವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕೆಲವು ವರ್ಷ ಆಗುಂಬೆಯನ್ನೂ ಹಿಂದೆ ಹಾಕುತ್ತದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು ಸಾಗರ ತಾಲ್ಲೂಕಿಗೆ ಬಂದು, ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಅಡಿಯಲ್ಲಿರುವುದು ಹೆಚ್ಚಾಗಿ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅಲ್ಲಲ್ಲಿ ಧಾರವಾಡ ಶ್ರೇಣಿಯ ಪದರುಶಿಲೆಗಳು. ಮೇಲೆ ಜಂಬಿಟ್ಟಿಗೆಯ ಹೊದಿಕೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತುವಾಗ ಇಕ್ಕೇರಿ ಮತ್ತು ನಗರ ಎಂಬ ಊರುಗಳ ಮೇಲೂ ಹಾದುಹೋದ. 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಈ ಹೊದಿಕೆಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರೆ. ಮಲೆನಾಡಿನ ಜನ ಅದನ್ನು ಜಂಬಿಟ್ಟಿಗೆ ಎಂದು ಕರೆಯುತ್ತಾರೆ. ಇಟ್ಟಿಗೆ ಎಂಬ ಮಾತು ಕನ್ನಡದ ಹೆಸರಿನಲ್ಲೂ ಕೂತಿದೆ.

ನೈಸ್ ಮತ್ತು ಜಂಬಿಟ್ಟಿಗೆಗಳಲ್ಲಿ ಸುಲಭವಾಗಿ ಕರಗುವ ಸುಣ್ಣ ಬಹಳ ಕಡಿಮೆ. ಸುಣ್ಣಕಲ್ಲಿನ ಗುಹೆ, ಅದರೊಳಗೆ ತೊಟ್ಟಿಕ್ಕಿ ಬೆಳೆದ ಕಲ್ಲಿನ ಕೋಲುಗಳನ್ನು ನೋಡಬೇಕಾದರೆ ಉತ್ತರ ಕನ್ನಡಕ್ಕೆ, ದಾಂಡೇಲಿ ಕಡೆಯ ಕವಳಾ ಗುಹೆಗೆ ಹೋಗಬೇಕು. ಮಲೆನಾಡಿನ ಕಾಡಿನ ಮಣ್ಣಿನಲ್ಲಿ ಕೊಳೆಯುವ ತರಗೆಲೆ, ಉಸಿರಾಡುವ ಬೇರು, ಸೂಕ್ಷ್ಮಜೀವಿಗಳಿಂದಾಗಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಸಾಂದ್ರವಾಗಿರುತ್ತದೆ. ಮಳೆನೀರು ಮೊದಲೇ ತುಸು ಹುಳಿ, ಗಾಳಿಯ ಇಂಗಾಲಾಮ್ಲವೊಂದರಿಂದಲೇ ಅದರ ಪಿಎಚ್ 5.6ರ ಸುಮಾರಿಗೆ ಇಳಿಯುತ್ತದೆ. ಈ ಮಣ್ಣಿನ ಮೂಲಕ ಇಳಿಯುವಾಗ ಇನ್ನಷ್ಟು ಹುಳಿಯಾಗುತ್ತದೆ. ಸುಣ್ಣಕಲ್ಲು ಎದುರಾದರೆ ಆ ಹುಳಿ ಅಲ್ಲೇ ಸವೆದು ಹೋಗುತ್ತಿತ್ತು. ಇಲ್ಲಿ ಎದುರಾಗುವುದು ನೈಸ್. ಹಾಗಾಗಿ ಬಂಡೆಯ ಬಿರುಕು ಹಿಡಿದು ಸುರಂಗದವರೆಗೆ ಬರುವ ನೀರು ಇನ್ನೂ ಹಸಿದೇ ಇರುತ್ತದೆ. ಅದಕ್ಕೆ ಸಿಗುವ ಮೊದಲ ಸುಣ್ಣ ಸಿಮೆಂಟಿನದು.

ಬೆಟ್ಟದೊಳಗಿನ ಕಾಮಗಾರಿಗಳು

ಮಲೆನಾಡಿನಲ್ಲಿ ಸುರಂಗ ಎಂದರೆ ರೈಲಿಗಿಂತ ಮೊದಲು ನೆನಪಾಗುವುದು ವಿದ್ಯುತ್ತು. ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1948ರದು. 1964ರ ಲಿಂಗನಮಕ್ಕಿ ಅಣೆಕಟ್ಟೆಯ ಜಲಾಶಯ ಸುಮಾರು 152 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರು ತಳಕಳಲೆಯ ಸಮತೋಲನ ಜಲಾಶಯಕ್ಕೆ ಬಂದು, ಅಲ್ಲಿಂದ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರೂ ಲಿಂಗನಮಕ್ಕಿಯತ್ತಲೇ ಹರಿಯುತ್ತದೆ. ಅದೇ ತಾಲ್ಲೂಕಿನ ಯಡೂರು ಬಳಿಯ ಮಾಣಿ ಅಣೆಕಟ್ಟೆಯ ನೀರಿನ ದಾರಿ ಬೇರೆ. ಅದು ಘಟ್ಟದ ಒಡಲೊಳಗೆ ಇಳಿದು, ಬಾಳೆಬರೆ ಘಾಟಿಯ ಬುಡದಲ್ಲಿರುವ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ಸೇರುತ್ತದೆ. ತಲಾ 115 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ಮೊದಲೆರಡು 1989-90ರಲ್ಲಿ, ಉಳಿದೆರಡು 2009ರಲ್ಲಿ ಚಾಲನೆಗೆ ಬಂದವು.

ಭೂಗರ್ಭ ವಿದ್ಯುದಾಗಾರದ ಗವಿಗೆ ಬರುವ ನೀರಿನಲ್ಲಿ ಎರಡು ಬಗೆ. ಯಂತ್ರಕ್ಕೆ ಬೇಕಾದ ನೀರು ಉಕ್ಕಿನ ಕೊಳವೆಯಲ್ಲಿ ಬಂದು, ಅದನ್ನು ತಿರುಗಿಸಿ, ಹೋಗುತ್ತದೆ. ಅದು ರಭಸದ ನೀರು, ಪೊರೆಯ ತಂಟೆ ಅದಕ್ಕಿಲ್ಲ. ಬಂಡೆಯಿಂದ ಕರೆಯದೆ ಬರುವ ಒರತೆ ಇನ್ನೊಂದು. ಅದು ಬಂಡೆಯ ಮೈಗೆ ಸಿಡಿಸಿದ ಕಾಂಕ್ರೀಟಾದ ಶಾಟ್‌ಕ್ರೀಟಿನ ಹಿಂದೆ ಹರಡಿ, ಗೋಡೆಯಲ್ಲಿ ಬಿಟ್ಟ ಬಸಿರಂಧ್ರಗಳಾದ ವೀಪ್ ಹೋಲ್‌ಗಳಿಂದ ಇಳಿದು, ಗೋಡೆ ಬುಡದ ಚರಂಡಿ ಹಿಡಿದು ನೀರು ಕೂಡುವ ಸಂಪ್ ಗುಂಡಿಗೆ ಹೋಗಿ, ಅಲ್ಲಿಂದ ಪಂಪಿನಲ್ಲಿ ಮೇಲೇರಬೇಕು. ಪೊರೆ ಕಟ್ಟುವುದು ಈ ಎರಡನೆಯ ನೀರಿನ ದಾರಿಯಲ್ಲಿ.

ಪೊರೆ ಕಟ್ಟುವ ಬಗೆ

ಒಂದೇ ಬಿಳಿ ಕಲ್ಲು ಎರಡು ತದ್ವಿರುದ್ಧ ದಾರಿಗಳಿಂದ ಹುಟ್ಟುತ್ತದೆ. ಈ ವ್ಯತ್ಯಾಸ ಹಿಡಿಯದೆ ಮಾಡಿದ ಚಿಕಿತ್ಸೆ ಎಷ್ಟೋ ಸಲ ಹುಸಿ ಹೋಗುವುದರಿಂದ ಇದನ್ನು ಸಾವಧಾನವಾಗಿ ನೋಡಬೇಕು.

ಮೊದಲನೆಯದು ಸುಣ್ಣಕಲ್ಲಿನ ನಾಡಿನ ದಾರಿ. ಇಂಗಾಲದ ಡೈಆಕ್ಸೈಡ್ ತುಂಬಿದ ನೀರು ಸುಣ್ಣಕಲ್ಲನ್ನು ಕರಗಿಸಿ ಕ್ಯಾಲ್ಸಿಯಂ ಬೈಕಾರ್ಬೊನೇಟಾಗಿ ಹೊತ್ತು ತರುತ್ತದೆ. ಸುರಂಗದ ತೆರೆದ ಗಾಳಿಗೆ ಬಂದೊಡನೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅನಿಲ ಹೊರಬೀಳುತ್ತದೆ. ಹಿಡಿದಿದ್ದ ಕೈ ಬಿಟ್ಟಂತಾಗಿ ಸುಣ್ಣಕಲ್ಲು ಮತ್ತೆ ಗಟ್ಟಿಯಾಗುತ್ತದೆ. ಇಲ್ಲಿ ನೀರು ಗಾಳಿಗೆ ಅನಿಲವನ್ನು ಕೊಡುತ್ತದೆ. ಗುಹೆಗಳ ತೂಗುಕಲ್ಲು ಬೆಳೆಯುವುದೂ ಹೀಗೆಯೇ.

ಎರಡನೆಯದು ಸಿಮೆಂಟಿನ ದಾರಿ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಬಲ ಕೊಡುವ ಸಿಲಿಕೇಟ್ ಜೆಲ್ ಜತೆಗೆ ಅರಳಿದ ಸುಣ್ಣವೂ, ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಹೇರಳವಾಗಿ ಹುಟ್ಟುತ್ತದೆ. ಕವಳ ಹಾಕುವವರ ಡಬ್ಬಿಯಲ್ಲಿರುವುದು ಇದೇ ವಸ್ತು. ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 1.7 ಗ್ರಾಂ ಕರಗುತ್ತದೆ. ನೀರಿನ ಪಿಎಚ್ 12 ದಾಟುತ್ತದೆ. ಅದೇ ಲೀಟರಿನಲ್ಲಿ ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೆ ಕರಗುವ ಸುಣ್ಣಕಲ್ಲು ಕೇವಲ 14 ಮಿಲಿಗ್ರಾಂ ಆಸುಪಾಸು, ನೂರು ಪಟ್ಟಿಗೂ ಮಿಗಿಲಾದ ಅಂತರ. ಸುಣ್ಣದ ತಿಳಿಯಂಥ ಈ ನೀರು ಗಾಳಿ ಕಂಡೊಡನೆ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ. ಕರಗಿದ ಸುಣ್ಣ ಕರಗದ ಸುಣ್ಣಕಲ್ಲಾಗಿ ಬೀಳುತ್ತದೆ. ಮೊದಲ ದಾರಿಯಲ್ಲಿ ಅನಿಲ ಹೊರಟು ಕಲ್ಲಾದರೆ, ಇಲ್ಲಿ ಅನಿಲ ಒಳಹೊಕ್ಕು ಕಲ್ಲಾಗುತ್ತದೆ.

ಇದನ್ನು ನೋಡಲು ಸುರಂಗಕ್ಕೆ ಹೋಗಬೇಕಿಲ್ಲ. ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮನೆಗಳಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಸುಣ್ಣ ಕದಡಿಟ್ಟ ಡ್ರಮ್ಮನ್ನು ರಾತ್ರಿ ಮುಚ್ಚದೆ ಬಿಟ್ಟರೆ ಬೆಳಿಗ್ಗೆ ತಿಳಿಯ ಮೇಲೆ ಹಾಲಿನ ಕೆನೆಯಂಥ ತೆಳು ಪದರ ನಿಂತಿರುತ್ತದೆ. ಬೆರಳಿನಿಂದ ಮುಟ್ಟಿದರೆ ಗಾಜಿನ ಹಾಳೆಯಂತೆ ಮುರಿಯುತ್ತದೆ. ಅದು ಅಪ್ಪಟ ಕ್ಯಾಲ್ಸೈಟ್, ಎಂದರೆ ಹರಳುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್. ಮುಚ್ಚಳ ಮರೆತ ಸುಣ್ಣದ ಡಬ್ಬಿ ಕಲ್ಲಾಗಿ ವೀಳ್ಯಕ್ಕೆ ಬಾರದಂತಾಗುವುದೂ ಇದೇ ಕ್ರಿಯೆ. ಸುರಂಗದ ಚರಂಡಿಯಲ್ಲಿ ನಿಧಾನ ಹರಿಯುವ ನೀರಿನ ಮೇಲೆ ತೇಲುವ ಬಿಳಿ ಪದರ ಅದೇ ಕೆನೆ. ಅದು ತೇಲುತ್ತ ಹೋಗಿ, ಮುರಿದು, ತಳಕ್ಕೆ ಬಿದ್ದು, ಬಿದ್ದಲ್ಲೇ ಬೆಸೆದುಕೊಳ್ಳುತ್ತದೆ.

ಮೂರನೆಯ ಸಾಧ್ಯತೆಯೂ ಒಂದಿದೆ. ಬಂಡೆಯಿಂದ ನೇರ ಬಂದ ಬೈಕಾರ್ಬೊನೇಟ್ ನೀರೂ ಸಿಮೆಂಟನ್ನು ನೆಕ್ಕಿ ಬಂದ ಕ್ಷಾರದ ನೀರೂ ಒಂದೇ ಕೊಳವೆಯಲ್ಲಿ ಕೂಡಿದರೆ ಗಾಳಿಯ ಹಂಗೇ ಬೇಡ; ಬೆರೆತ ಕ್ಷಣದಲ್ಲೇ ಪುಡಿ ಬೀಳುತ್ತದೆ. ಎರಡು ಕೊಳವೆ ಸೇರುವ ಕೂಡುಗಟ್ಟಿನಲ್ಲೇ ಬ್ಲಾಕ್ ಆಗಿ, ಮೇಲೂ ಕೆಳಗೂ ಕೊಳವೆ ಶುಚಿಯಾಗಿ ಕಂಡರೆ ಕಾರಣ ಬಹುತೇಕ ಇದೇ.

ಮಲೆನಾಡಿನಲ್ಲಿ ಮೊದಲನೆಯ ದಾರಿಗೆ ಎಡೆ ಕಡಿಮೆ, ಎರಡನೆಯದೇ ಪ್ರಧಾನ. ಮೆದು ನೀರಿನಲ್ಲಿ ಸುಣ್ಣ ಹೊರುವ ಜಾಗ ಖಾಲಿ ಇರುವುದರಿಂದ ಅದು ಕಾಂಕ್ರೀಟಿನಿಂದ ಹೆಚ್ಚು ಸುಣ್ಣ ಎಳೆಯುತ್ತದೆ. ಆಸ್ಟ್ರಿಯಾದ 33 ಕಿ.ಮೀ. ಉದ್ದದ ಕೋರಾಲ್ಮ್ ರೈಲು ಸುರಂಗ ಹಾಯುವ ಬೆಟ್ಟದ ಬಹುಪಾಲು ನಮ್ಮದರಂತೆ ನೈಸ್ ಶಿಲೆ. ಅದನ್ನು ಕಟ್ಟುವ ಕಾಲದಲ್ಲೇ ಅಲ್ಲಿನ ಚರಂಡಿಗಳಲ್ಲಿ ಸುಣ್ಣದ ಪೊರೆ ಬೆಳೆಯುವ ಬಗೆಯನ್ನು ವಿಜ್ಞಾನಿಗಳು ಅಧ್ಯಯನ ಮಾಡಿದರು. ಸುಣ್ಣಕಲ್ಲಿಲ್ಲದ ಬೆಟ್ಟ ಎಂಬ ಧೈರ್ಯಕ್ಕೆ ಆಧಾರವಿಲ್ಲ ಎನ್ನಲು ಅಷ್ಟು ಸಾಕು.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ. ಒಂದು ಘನ ಮೀಟರ್ ಶಾಟ್‌ಕ್ರೀಟಿನಲ್ಲಿ 400 ಕಿಲೋ ಸಿಮೆಂಟು ಇದೆ ಎಂದಿಟ್ಟುಕೊಳ್ಳಿ. ಅದರ ಕಾಲು ಭಾಗದಷ್ಟು ತೂಕದ ಅರಳಿದ ಸುಣ್ಣ, ಎಂದರೆ 100 ಕಿಲೋ, ಹುಟ್ಟಿದರೆ ಅದಷ್ಟೂ ಪೊರೆಯಾಗಿ ಮಾರ್ಪಟ್ಟಾಗ 135 ಕಿಲೋ ಕ್ಯಾಲ್ಸೈಟ್ ಆಗುತ್ತದೆ. ಇನ್ನು ಸೆಕೆಂಡಿಗೆ ಒಂದು ಲೀಟರ್ ಒರತೆ, ಲೀಟರಿಗೆ 50 ಮಿಲಿಗ್ರಾಂ ಪೊರೆ ಬಿಟ್ಟು ಹೋಗುತ್ತದೆ ಎನ್ನೋಣ. ದಿನಕ್ಕೆ 4.3 ಕಿಲೋ, ವರ್ಷಕ್ಕೆ ಒಂದೂವರೆ ಟನ್ನಿಗೂ ಹೆಚ್ಚು. 150 ಮಿ.ಮೀ. ವ್ಯಾಸದ ಕೊಳವೆಯನ್ನು 33 ಮೀಟರ್ ಉದ್ದಕ್ಕೆ ಬಾಯಿತನಕ ತುಂಬಲು ಅಷ್ಟು ಸಾಕು. ನಿಜವಾದ ಪೊರೆಯಲ್ಲಿ ತೂತು, ಟೊಳ್ಳುಗಳಿರುವುದರಿಂದ ಇನ್ನೂ ಹೆಚ್ಚು ಉದ್ದ ತುಂಬೀತು.

ಕಾಂಕ್ರೀಟಿನಿಂದ ಇಳಿಬೀಳುವ ಸುಣ್ಣದ ಕಡ್ಡಿಗಳೂ ಇದೇ ವಸ್ತು. ಸೇತುವೆಗಳ ಅಡಿಯಲ್ಲಿ, ನೆಲಮಾಳಿಗೆಯ ಸೂರಿನಲ್ಲಿ ತೂಗುವ ಬಿಳಿ ಕೊಳವೆಕಡ್ಡಿ ಅನುಕೂಲ ಒದಗಿದಾಗ ದಿನಕ್ಕೆ 2 ಮಿ.ಮೀ. ತನಕ ಬೆಳೆದದ್ದು ದಾಖಲಾಗಿದೆ. ಗುಹೆಯ ಕಡ್ಡಿ ಅಷ್ಟು ಬೆಳೆಯಲು ವರ್ಷವೇ ಬೇಕಾಗುತ್ತದೆ. ಗುಹೆಯ ವೇಗ ಮನಸ್ಸಿನಲ್ಲಿಟ್ಟುಕೊಂಡು ‘ನಮ್ಮ ಕಾಲಕ್ಕೆ ಏನೂ ಆಗದು’ ಎಂದು ಕೂರುವವರು ಗಮನಿಸಬೇಕಾದ ಅಂಕಿ ಇದು.

ಎಲ್ಲಿ, ಯಾವಾಗ

ಕೊಳವೆಯ ಉದ್ದಕ್ಕೂ ಪೊರೆ ಒಂದೇ ಸಮನೆ ಕಟ್ಟುವುದಿಲ್ಲ. ನೀರು ಗಾಳಿಯನ್ನು ಮೊದಲು ಕಾಣುವ ವೀಪ್ ಹೋಲಿನ ತುಟಿ, ತಿರುವು, ಕೊಳವೆಗಳ ಜೋಡಣೆಯಲ್ಲಿ ಎದ್ದ ಅಂಚು, ಮ್ಯಾನ್‌ಹೋಲಿನಲ್ಲಿ ನೀರು ಧುಮುಕುವ ಜಾಗ, ಇಳಿಜಾರು ಸತ್ತು ನೀರು ನಿಲ್ಲುವ ತಗ್ಗು ಇವೇ ಅದರ ಮನೆಗಳು. ನೀರು ಚಿಮ್ಮಿ ಗಾಳಿಯೊಡನೆ ಕಲಸಿದಷ್ಟೂ ಕ್ರಿಯೆ ಚುರುಕು. ಒಮ್ಮೆ ಒರಟು ಮೈ ಸಿಕ್ಕಿತೆಂದರೆ ಹರಳಿಗೆ ನೆಲೆ ಸಿಕ್ಕಂತೆ; ಹಳೆಯ ಪೊರೆಯ ಮೇಲೆ ಹೊಸದು ಬೇಗ ಕೂರುತ್ತದೆ. ಕೊಳವೆಯ ಒಳಮೈಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆಯೂ ಹರಳಿಗೆ ಹಾಸಿಗೆ ಹಾಸಿಕೊಡುತ್ತದೆ.

ಹೊಸ ಸುರಂಗದಲ್ಲಿ ಕಾಟ ಹೆಚ್ಚು, ಏಕೆಂದರೆ ಹಸಿ ಕಾಂಕ್ರೀಟಿನ ಮೈಯಿಂದ ಸುಣ್ಣ ಸುಲಭವಾಗಿ ಬಿಡುತ್ತದೆ. ವರ್ಷಗಳು ಕಳೆದಂತೆ ಮೇಲ್ಪದರದ ಸುಣ್ಣ ತೀರಿ, ಬಿರುಕುಗಳಲ್ಲಿ ಕ್ಯಾಲ್ಸೈಟೇ ತುಂಬಿ, ಒಸರು ತಗ್ಗುತ್ತದೆ. ಆದರೆ ಗ್ರೌಟಿಂಗ್ ಹೊಸದಾಗಿ ನಡೆದಾಗಲೆಲ್ಲ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒರತೆ ತಡೆಯಲೆಂದೇ ಒತ್ತಿ ತುಂಬಿದ ಸಿಮೆಂಟು ಪಕ್ಕದ ಬಸಿರಂಧ್ರಕ್ಕೆ ಸುಣ್ಣ ಒದಗಿಸುವುದು ಈ ಕಸುಬಿನ ಹಳೆಯ ವಿಡಂಬನೆ.

ಮಲೆನಾಡಿನ ಮಳೆಯ ಲಯವೂ ಇದರಲ್ಲಿ ಕೈಯಾಡಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒರತೆ ಜೋರು. ನೀರು ಕಾಂಕ್ರೀಟಿನೊಡನೆ ಕಳೆಯುವ ಹೊತ್ತು ಕಡಿಮೆ, ಸುಣ್ಣ ತೆಳುವಾಗುತ್ತದೆ, ಸಡಿಲ ಕೆಸರು ಕೊಚ್ಚಿಹೋಗುತ್ತದೆ. ದೀಪಾವಳಿ ಕಳೆದು ಒರತೆ ಸಣ್ಣಗಾದ ಮೇಲೆ ನೀರು ನಿಧಾನ, ಸಾಂದ್ರ. ಆಗ ಪೊರೆ ಗಟ್ಟಿಯಾಗಿ ಕೂರುತ್ತದೆ. ಇಂಥ ಪೊರೆಯ ತುಂಡನ್ನು ಅಡ್ಡ ಕೊಯ್ದರೆ ಮರದ ವರ್ಷಬಳೆಗಳ ಹಾಗೆ ಪದರಗಳು ಕಾಣಬಹುದು. ಆದ್ದರಿಂದ ಮಳೆಗಾಲದಲ್ಲಿ ಮಾತ್ರ ಪರೀಕ್ಷಿಸಿ ‘ಚೆನ್ನಾಗಿ ಹರಿಯುತ್ತಿದೆ’ ಎಂದು ಬರೆಯುವ ವರದಿಗೆ ಅರ್ಧ ಬೆಲೆ ಮಾತ್ರ.

ಕೆಂಪು, ಕಪ್ಪು

ಈ ನೆಲದ ಇನ್ನೊಂದು ಪೊರೆ ಕೆಂಪು. ಜಂಬಿಟ್ಟಿಗೆಯ ಮೈಯೆಲ್ಲ ಕಬ್ಬಿಣದ ಆಕ್ಸೈಡು. ಗಾಳಿ ಆಡದ ಕೆಸರಿನಲ್ಲಿ ಕಬ್ಬಿಣ ಕರಗುವ ರೂಪಕ್ಕೆ ಇಳಿದು ನೀರಿನೊಡನೆ ಹೊರಡುತ್ತದೆ. ಗಾಳಿ ತಗುಲಿದಲ್ಲಿ ತುಕ್ಕಾಗಿ ಬೀಳುತ್ತದೆ. ಗ್ಯಾಲಿಯೊನೆಲ್ಲ, ಲೆಪ್ಟೊತ್ರಿಕ್ಸ್ ಮುಂತಾದ ಕಬ್ಬಿಣ ಬ್ಯಾಕ್ಟೀರಿಯಾಗಳು ಇದಕ್ಕೆ ನೆರವಾಗಿ ಕಿತ್ತಳೆ ಬಣ್ಣದ ಲೋಳೆಯನ್ನು ನೇಯುತ್ತವೆ. ಗದ್ದೆಯ ಅಂಚಿನ ಒರತೆಯಲ್ಲಿ, ತೋಟದ ಬಸಿಗಾಲುವೆಯಲ್ಲಿ ಈ ಲೋಳೆ, ಅದರ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಹೊಳಪು ಮಲೆನಾಡಿಗರಿಗೆ ಹೊಸದಲ್ಲ. ಎಣ್ಣೆಯೋ ಕಬ್ಬಿಣವೋ ತಿಳಿಯಲು ಕಡ್ಡಿಯಿಂದ ಕಲಕಿದರೆ ಸಾಕು. ಎಣ್ಣೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪದರ ಚೂರುಚೂರಾಗಿ ಒಡೆಯುತ್ತದೆ.

ಸುಣ್ಣದ ಪೊರೆ ಗಟ್ಟಿ, ಕಬ್ಬಿಣದ್ದು ಮೆತ್ತಗೆ. ಆದರೂ ಜಲನಿರೋಧಕ ಹಾಳೆಯ ಹಿಂದಿನ ಬಟ್ಟೆಯಂಥ ಜಿಯೊಟೆಕ್ಸ್‌ಟೈಲನ್ನು ಉಸಿರುಗಟ್ಟಿಸುವುದರಲ್ಲಿ ಕೆಂಪಿನದೇ ಮೇಲುಗೈ. ಹಸಿಯಾಗಿರುವಾಗ ನೀರಿನ ರಭಸಕ್ಕೆ ತೊಳೆದುಹೋಗುತ್ತದೆ, ಒಣಗಿದರೆ ಇಟ್ಟಿಗೆ. ಮ್ಯಾಂಗನೀಸು ಇರುವ ಕಡೆ ಕಪ್ಪು ಮಸಿಯಂಥ ಲೇಪ ಕಾಣುತ್ತದೆ; ಶಿವಮೊಗ್ಗ ಜಿಲ್ಲೆಯ ಕುಂಸಿ ಮ್ಯಾಂಗನೀಸ್ ಗಣಿಗೆ ಹೆಸರಾದ ಊರು. ಪದರುಶಿಲೆಗಳಲ್ಲಿ ಗಂಧಕದ ಪೈರೈಟ್ ಇದ್ದರೆ ಸಲ್ಫೇಟು ಹುಟ್ಟಿ ಜಿಪ್ಸಂ ಬರಬಹುದು.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸುರಂಗ ಬಾವಿಗಳನ್ನು ಇಲ್ಲಿ ಹೋಲಿಸಿ ನೋಡುವುದು ಲಾಭಕರ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಆಳು ಬಗ್ಗಿ ನಡೆಯುವಷ್ಟು ಕೊರೆದು ಒರತೆಯನ್ನು ತೋಟಕ್ಕೆ ಇಳಿಸುವ ವಿದ್ಯೆ ಅದು. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಂಟಿಯಾಗಿ ಸುರಂಗ ಕೊರೆದು ನೀರು ತಂದುದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಈ ಬಾವಿಗಳಿಗೆ ಒಳಗೋಡೆ ಇಲ್ಲ, ಸಿಮೆಂಟಿಲ್ಲ. ಕಲ್ಲೇ ಗೋಡೆ, ನೆಲವೇ ಕಾಲುವೆ. ಘಟ್ಟದ ಇನ್ನೊಂದು ಮಗ್ಗುಲಿನ ಅದೇ ಮಳೆ, ಅದೇ ಬಗೆಯ ಮುರಕಲ್ಲು. ಅಲ್ಲಿ ಕೆಂಪು ಕೆಸರು ಕೂತೀತು, ಸುಣ್ಣದ ಕಲ್ಲು ಕಟ್ಟಲು ಮೂಲವಿಲ್ಲ. ಬಿಳಿ ಪೊರೆಯ ತಾಯಿ ಬೆಟ್ಟವೋ ಸಿಮೆಂಟೋ ಎಂಬ ವಾದಕ್ಕೆ ಇದಕ್ಕಿಂತ ಸರಳ ಹೋಲಿಕೆ ಬೇಕಿಲ್ಲ.

ಪೊರೆಯಿಂದಾಗುವ ಕೇಡು

ಬಸಿರಂಧ್ರ ಮುಚ್ಚಿದರೆ ನೀರು ಬರುವುದು ನಿಲ್ಲುವುದಿಲ್ಲ, ಹೋಗುವುದು ನಿಲ್ಲುತ್ತದೆ. ಗೋಡೆಯ ಹಿಂದೆ ನೀರು ಏರುತ್ತ ಹೋಗಿ, ಪ್ರತಿ 10 ಮೀಟರಿಗೆ ಒಂದು ಚದರ ಮೀಟರಿನ ಮೇಲೆ 10 ಟನ್ನಿನಂತೆ ಒತ್ತಡ ಕೂಡುತ್ತದೆ. ಒರತೆ ಬಸಿದು ಹೋಗುತ್ತದೆಂಬ ನಂಬಿಕೆಯ ಮೇಲೆ ತೆಳುವಾಗಿ ಕಟ್ಟಿದ ಗೋಡೆಗೆ ಇದು ತಾಳಲಾಗದ ಹೊರೆ. ಬಿರುಕು, ಉಬ್ಬು, ಹೊಸ ಸೋರಿಕೆ ಒಂದರ ಹಿಂದೊಂದು. ಅಣೆಕಟ್ಟೆಯ ಗ್ಯಾಲರಿಯಲ್ಲಿ ತಳಪಾಯದ ಬಸಿರಂಧ್ರ ಕಟ್ಟಿದರೆ ಕಟ್ಟೆಯನ್ನು ಅಡಿಯಿಂದ ಮೇಲಕ್ಕೆತ್ತುವ ಒತ್ತಡ ಹೆಚ್ಚುತ್ತದೆ. ಅಲ್ಲಿ ಸೀಪೇಜ್ ಅಳೆಯಲು ಇಟ್ಟ ವಿ ಆಕಾರದ ಗಂಡಿಯ ಅಂಚಿಗೂ ಸುಣ್ಣ ಕೂತು ಅಳತೆಯೇ ತಪ್ಪುವುದುಂಟು. ರಿಜಿಸ್ಟರಿನಲ್ಲಿ ಒರತೆ ಕಡಿಮೆಯಾಗುತ್ತ ಬಂದದ್ದನ್ನು ಕಂಡು ಸಮಾಧಾನ ಪಡುವ ಮುನ್ನ ಅದು ಬಂಡೆ ಬಿಗಿಯಾದ್ದರಿಂದಲೋ ರಂಧ್ರ ಮುಚ್ಚಿದ್ದರಿಂದಲೋ ಎಂದು ನೋಡಲೇಬೇಕು. ರೈಲು ಸುರಂಗದಲ್ಲಾದರೆ, ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳಂಥ ಮಳೆಕಾಡಿನ ಹಾದಿಯಲ್ಲಿ, ಚರಂಡಿ ಕಟ್ಟಿದರೆ ನೀರು ಹಳಿಯಡಿಯ ಜಲ್ಲಿಗೇ ನುಗ್ಗುತ್ತದೆ.

ತಡೆ ಮತ್ತು ಶುಚಿ

ಮೂಲದಲ್ಲೇ ಸುಣ್ಣ ತಗ್ಗಿಸುವುದು ಮೇಲಾದ ದಾರಿ. ಹಾರುಬೂದಿ, ಊದುಕುಲುಮೆಯ ಕಿಟ್ಟದ ಪುಡಿ, ಸಿಲಿಕಾ ಧೂಳು ಇವು ಸಿಮೆಂಟಿನ ಬಿಡಿ ಸುಣ್ಣವನ್ನು ಹಿಡಿದು ಕರಗದ ಜೆಲ್ ಆಗಿ ಮಾರ್ಪಡಿಸುತ್ತವೆ. ಇದು ಹೊಸ ವಿದ್ಯೆಯೇನಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದ್ದರ ಹಿಂದಿನ ರಸಾಯನವೂ ಇದೇ. ರಾಜ್ಯದೊಳಗೇ ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಿಟ್ಟ ಸಿಗುವಾಗ ಬರಿಯ ಸಿಮೆಂಟನ್ನೇ ಬೆಟ್ಟಕ್ಕೆ ಸಿಡಿಸುವುದಕ್ಕೆ ನೆಪವಿಲ್ಲ. ಶಾಟ್‌ಕ್ರೀಟ್ ಬೇಗ ಬಿಗಿಯಲು ಹಾಕುವ ವೇಗವರ್ಧಕದಲ್ಲೂ ಆಯ್ಕೆ ಇದೆ: ಸೋಡಿಯಂ ಅಲ್ಯುಮಿನೇಟಿನಂಥ ಕ್ಷಾರದ ಬಗೆ ನೀರಿನ ಪಿಎಚ್ ಏರಿಸಿ ಪೊರೆಗೆ ದಾರಿ ಮಾಡುತ್ತದೆ, ಅಲ್ಯುಮಿನಿಯಂ ಸಲ್ಫೇಟ್ ಆಧಾರಿತ ಕ್ಷಾರರಹಿತ ಬಗೆಯಲ್ಲಿ ಆ ತೊಂದರೆ ಕಡಿಮೆ. ಗೋಡೆಗೆ ತಾಗಿ ಪುಟಿದು ಬಿದ್ದ ಶಾಟ್‌ಕ್ರೀಟಿನ ರಾಶಿಯನ್ನು ಚರಂಡಿ ಪಕ್ಕ ಬಿಟ್ಟರೆ ಅದೊಂದು ಸುಣ್ಣದ ಗೂಡು. ಎತ್ತಿ ಹಾಕಲು ಒಂದು ದಿನದ ಕೂಲಿ ಸಾಕು, ಬಿಟ್ಟರೆ ಹತ್ತು ವರ್ಷದ ಕಾಟ.

ವಿನ್ಯಾಸದಲ್ಲಿ ಗಮನಿಸಬೇಕಾದದ್ದು ಗಾಳಿಯನ್ನು ದೂರವಿಡುವುದು ಮತ್ತು ಕೈ ಹೋಗಲು ದಾರಿ ಬಿಡುವುದು. ಕೊಳವೆಯ ಬಾಯಿ ನೀರಿನಲ್ಲೇ ಮುಳುಗಿರುವಂತೆ ಮಾಡಿದರೆ ಒಳಗೆ ಗಾಳಿ ಆಡದು. ನುಣುಪು ಒಳಮೈ, ದೊಡ್ಡ ವ್ಯಾಸ, ಸಮವಾದ ಇಳಿಜಾರು, ಧುಮುಕಿಲ್ಲದ ಮ್ಯಾನ್‌ಹೋಲುಗಳು ನೆರವಾಗುತ್ತವೆ. ಬಂಡೆಯ ಶುದ್ಧ ಒರತೆಯನ್ನೂ ಕಾಂಕ್ರೀಟು ತೊಳೆದ ನೀರನ್ನೂ ಬೇರೆ ಬೇರೆ ಕೊಳವೆಗಳಲ್ಲಿ ಒಯ್ದರೆ ಕೂಡುಗಟ್ಟಿನ ಪೊರೆ ತಪ್ಪುತ್ತದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ ಪಾಲಿಆಸ್ಪಾರ್ಟಿಕ್ ಆಮ್ಲವನ್ನು ಹನಿಹನಿಯಾಗಿಯೋ, ನಿಧಾನ ಕರಗುವ ಬಿಲ್ಲೆಗಳಾಗಿಯೋ ಚರಂಡಿಗೆ ಸೇರಿಸುತ್ತಾರೆ. ಅದು ಸುಣ್ಣವನ್ನು ತೆಗೆಯದು. ಹರಳು ಬೆಳೆಯುವ ಮೂಲೆಗಳಿಗೆ ಅಂಟಿಕೊಂಡು ಬೆಳವಣಿಗೆಯನ್ನು ಮುಂದೂಡುತ್ತದೆ, ಸುಣ್ಣ ಮೆತ್ತನೆ ಕೆಸರಾಗಿ ಹೊರಗೆ ಹರಿದುಹೋಗುತ್ತದೆ. ಅಯಸ್ಕಾಂತದ ಉಂಗುರ ತೊಡಿಸಿದರೆ ಪೊರೆ ಕಟ್ಟದು ಎಂದು ಮಾರುವವರೂ ಇದ್ದಾರೆ. ಅದರ ಫಲ ಒಂದೊಂದು ಕಡೆ ಒಂದೊಂದು ತೆರ, ನೆಚ್ಚುವಂತಿಲ್ಲ.

ಕಟ್ಟಿದ ಮೇಲೆ ಉಳಿಯುವುದು ಶುಚಿ. ಮೆತ್ತಗಿರುವಾಗ ಹೆಚ್ಚಿನ ಒತ್ತಡದ ನೀರಿನ ಜೆಟ್ ಸಾಕು. ಕಲ್ಲಾದ ಮೇಲೆ ಸರಪಳಿ ಸುತ್ತುವ ಕಟರು, ಅಣೆಕಟ್ಟೆಯ ರಂಧ್ರಗಳಿಗೆ ಮರುಕೊರೆತ. ಹಿತ್ತಾಳೆ ಪಾತ್ರೆಗೆ ವಾಟೆಹುಳಿಯೋ ಹುಣಸೆಯೋ ತಿಕ್ಕಿದಂತೆ ಆಮ್ಲ ಹಾಕಿ ಕರಗಿಸುವುದೂ ಉಂಟು. ಆದರೆ ಆಮ್ಲಕ್ಕೆ ಪೊರೆಯ ಸುಣ್ಣವೂ ಗೋಡೆಯ ಸುಣ್ಣವೂ ಒಂದೇ. ತೊಳೆದು ಬಂದ ಆಮ್ಲ ಹೊಳೆಗೆ ಸೇರಬಾರದು. ಸುಣ್ಣ ತುಂಬಿದ ಕ್ಷಾರದ ನೀರೂ ಸೇರಬಾರದು. ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯನೀರಿನ ಪಿಎಚ್ 5.5ರಿಂದ 9ರೊಳಗೆ ಇರಬೇಕೆಂಬುದು ಪರಿಸರ ಸಂರಕ್ಷಣಾ ನಿಯಮಗಳ ಮಿತಿ. ಹೊಸ ಶಾಟ್‌ಕ್ರೀಟಿನಿಂದ ಇಳಿಯುವ ನೀರು ಈ ಮಿತಿಯನ್ನು ಸಲೀಸಾಗಿ ಮೀರುತ್ತದೆ. ಲವಣವೇ ಇಲ್ಲದ ಮಲೆನಾಡಿನ ಹಳ್ಳಕ್ಕೆ ಅಂಥ ನೀರನ್ನು ತಡೆದು ಹದಗೊಳಿಸುವ ಶಕ್ತಿ ತೀರ ಕಡಿಮೆ, ಹಾಗಾಗಿ ಮೀನಿಗೆ ಪೆಟ್ಟು ಬೇಗ ತಗಲುತ್ತದೆ.

ಮುಂದಿನ ಸುರಂಗಗಳು

ತಳಕಳಲೆಯನ್ನು ಮೇಲಿನ, ಗೇರುಸೊಪ್ಪೆಯನ್ನು ಕೆಳಗಿನ ಜಲಾಶಯವಾಗಿಟ್ಟುಕೊಂಡು 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿದೆ. ತಲಾ 250 ಮೆಗಾವಾಟ್‌ನ ಎಂಟು ಘಟಕ, ಭೂಗರ್ಭ ವಿದ್ಯುದಾಗಾರ, ಘಟ್ಟದೊಳಗೆ ಸುರಂಗಗಳು. ಜಾಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಡಲು. ಯೋಜನೆ ಬೇಕೋ ಬೇಡವೋ ಎಂಬ ಜಗಳ ಬೇರೆಯದೇ ದೊಡ್ಡದು. ಕಾಡು, ಭೂಕುಸಿತ, ಜನರ ಮಾತು ಎಲ್ಲ ಅದರಲ್ಲಿವೆ, ಈ ಲೇಖನದ ವ್ಯಾಪ್ತಿ ಅಷ್ಟಲ್ಲ. ಆದರೆ ಕೊರೆದದ್ದೇ ಆದರೆ ಒರತೆ ಬರುತ್ತದೆ, ಒರತೆಗೆ ಶಾಟ್‌ಕ್ರೀಟ್ ಎದುರಾಗುತ್ತದೆ, ಮತ್ತು ಬಸಿನೀರು ಹೋಗಿ ಸೇರುವುದು ಆ ಅಭಯಾರಣ್ಯದ ಹಳ್ಳಗಳಿಗೇ.

ಹಾಗಾಗಿ ಕೊರೆಯುವ ಮೊದಲೇ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಸುತ್ತಲಿನ ಒರತೆಗಳ ಪಿಎಚ್, ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಕಬ್ಬಿಣಗಳನ್ನು ಅಳೆದು ಬರೆದಿಡಬೇಕು. ಕೊರೆತ ಶುರುವಾದ ದಿನದಿಂದ ಅದೇ ಅಳತೆಯನ್ನು ಪ್ರತಿ ಚರಂಡಿಯ ಬಾಯಲ್ಲಿ ಮುಂದುವರಿಸಿ, ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.